ಕೆಂಚ ಬೆಂಗಳೂರಿಗೆ ಹೋಗಿದ್ದಾನೆ ಎಂಬ ಸುಳ್ಳು

ಕೋಲಾರ ಕಡೆಯ ಒಂದು ಹಳ್ಳಿಯ ಕುಟುಂಬದ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಾಯಿಯ ಹೆಸರು ಮಾತ್ರ ಹಾಗೇ ಇರಲಿ ಎಂದು ಮನೆಯವರು ಕೇಳಿಕೊಂಡರು. ಅದರ ಹೆಸರು ಕೆಂಚ.

ಮಾವನನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದವರು ಸೊಸೆ. ಯಜಮಾನರಿಗೆ ಅರವತ್ತು ದಾಟಿದೆ. ಎರಡು ಸೀಮೆಹಸು, ಒಂದಿಷ್ಟು ಟೊಮೆಟೊ ತೋಟ. ಊಟ ಸೇರುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ. ಡೇರಿಗೆ ಹಾಲು ಹಾಕಲು ಹೋಗುವುದನ್ನೇ ಬಿಟ್ಟಿದ್ದಾರೆ. ಬಿ.ಪಿ. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. "ನಾಯಿ ಹೋದಾಗಿನಿಂದ ಹೀಗೇ ಮೇಡಂ, ತಿಂಗಳ ಮೇಲಾಯ್ತು" ಎಂದು ಸೊಸೆ ಹೇಳಿದರು. ಯಜಮಾನರು ತಲೆ ಎತ್ತಲಿಲ್ಲ. "ನಾಯಿಗೋಸ್ಕರ ಇಲ್ಲಿಗೆ ಬಂದೆ ಅಂತ ಯಾರಿಗೂ ಹೇಳ್ಬೇಡಿ" ಎಂದಷ್ಟೇ ಹೇಳಿದರು.

ಆ ನಾಚಿಕೆ ನನಗೆ ದುಃಖಕ್ಕಿಂತ ಜಾಸ್ತಿ ಚಿಂತೆ ತಂದಿತು. ಮನುಷ್ಯರು ಸತ್ತರೆ ಹಾಲುತುಪ್ಪ ಇದೆ, ತಿಥಿ ಇದೆ, ಬಂದು ಪಕ್ಕದಲ್ಲಿ ಕೂರುವ ಜನ ಇದ್ದಾರೆ. ನಾಯಿ ಸತ್ತರೆ ಯಾರೂ ಬರುವುದಿಲ್ಲ. ಅತ್ತರೆ "ಒಂದು ನಾಯಿಗೆ ಇಷ್ಟೊಂದಾ?" ಎನ್ನುತ್ತಾರೆ. ಸುತ್ತಲಿನವರು ದುಃಖ ಎಂದೇ ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲೇ ವಿವರವಾಗಿ ಬರೆದಿದ್ದಾರೆ. ಹೇಳಿಕೊಳ್ಳಲು ಜಾಗವಿಲ್ಲದ ದುಃಖ ಬೇಗ ಇಳಿಯುವುದಿಲ್ಲ.

ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. ಸಾಯಬೇಕು ಅನ್ನಿಸುತ್ತದೆಯೇ? ಇಲ್ಲ ಎಂದರು. ಎದೆನೋವು, ಕುಡಿತ? ಅದೂ ಇಲ್ಲ. ಬಿ.ಪಿ. ಮಾತ್ರೆಯನ್ನು ಅಂದಿನಿಂದಲೇ ಸರಿಯಾಗಿ ಕೊಡುವಂತೆ ಸೊಸೆಗೆ ಹೇಳಿದೆ. ಹೀಗೇ ಮುಂದುವರಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಬೇಕು, ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು ಎಂದೂ ತಿಳಿಸಿದೆ. ಆ ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.

ಆಮೇಲೆ ಕೆಂಚನ ಬಗ್ಗೆ ಕೇಳಿದೆ. ಹದಿಮೂರು ವರ್ಷ ಬೆಳಿಗ್ಗೆ, ಸಂಜೆ ಇವರ ಜೊತೆ ಡೇರಿಗೆ ಹೋಗುತ್ತಿತ್ತಂತೆ. ಕ್ಯಾನು ಕೈಗೆ ಬಂದರೆ ಸಾಕು, ಮುಂದೆ ಓಡಿ ತಿರುವಿನಲ್ಲಿ ಕಾಯುವುದು. ರಾತ್ರಿ ಹಾಲಿನಲ್ಲಿ ಕಿವುಚಿದ ಮುದ್ದೆ ಊಟ. ಮಾತು ಇಲ್ಲಿಯವರೆಗೆ ಸಲೀಸಾಗಿ ಬಂತು. ಕೊನೆಯ ದಿನಕ್ಕೆ ಬಂದಾಗ ನಿಂತುಹೋಯಿತು. ನಾನು ಅವಸರ ಮಾಡಲಿಲ್ಲ.

"ನಾನೇ ಸಾಯಿಸಿದೆ ಮೇಡಂ" ಎಂದರು.

ಕೆಂಚನ ಕಿಡ್ನಿ ಕೆಟ್ಟಿತ್ತು. ಊಟ ಬಿಟ್ಟು, ನಿಲ್ಲಲಾಗದೆ ವಾಂತಿ ಮಾಡುತ್ತಿದ್ದಾಗ ಪಶುವೈದ್ಯರು ನೋವಿಲ್ಲದೆ ಕಳಿಸಿಕೊಡುವ ಇಂಜೆಕ್ಷನ್ ಬಗ್ಗೆ ಹೇಳಿದರು. ಇವರು ಒಪ್ಪಿದರು, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಇಂಜೆಕ್ಷನ್ ಆದ ಮೇಲೆ ಕೆಂಚ ಒಂದು ಸಲ ದೊಡ್ಡದಾಗಿ ಉಸಿರೆಳೆದ. ಕಣ್ಣು ತೆರೆದೇ ಇತ್ತು. "ನನ್ನನ್ನೇ ನೋಡ್ತಿದ್ದ. ಯಾಕಪ್ಪಾ ಹೀಗೆ ಮಾಡ್ದೆ ಅಂತ ಕೇಳೋ ಹಾಗೆ." ಇವರ ಮನೆದೇವರು ಸೀತಿ ಬೆಟ್ಟದ ಭೈರವ. ನಾಯಿ ಭೈರವನ ವಾಹನ. ದೇವರ ವಾಹನವನ್ನೇ ಕೊಂದೆ ಎಂಬ ಪಾಪಭಯದಲ್ಲಿ ಬೆಟ್ಟಕ್ಕೆ ಹೋಗುವುದನ್ನೂ ಬಿಟ್ಟಿದ್ದರು.

ಇಂಥ ಕಡೆ "ನಿಮ್ಮದೇನೂ ತಪ್ಪಿಲ್ಲ ಬಿಡಿ" ಎನ್ನುವುದು ಸುಲಭ. ಆದರೆ ಅದು ತಲುಪುವುದಿಲ್ಲ. ಅದೇ ಪಶುವೈದ್ಯರ ಬಳಿ ಹೋಗಿ, ಕಂಡದ್ದನ್ನೆಲ್ಲ ಹೇಳಿ, ಒಂದೊಂದಾಗಿ ಕೇಳಿ ಎಂದೆ. ಹೋದರು. ಆ ಔಷಧಿ ಅಳತೆ ಮೀರಿ ಕೊಡುವ ಅರಿವಳಿಕೆ. ಮೊದಲು ಎಚ್ಚರ ತಪ್ಪುತ್ತದೆ, ಉಸಿರು, ಎದೆಬಡಿತ ನಿಲ್ಲುವುದು ಆಮೇಲೆ. ಕೊನೆಯಲ್ಲಿ ಕಾಣುವ ಉಸಿರು ದೇಹ ತಾನಾಗಿ ಎಳೆಯುವುದು, ಆಗ ಪ್ರಾಣಿಗೆ ಏನೂ ಗೊತ್ತಾಗುವುದಿಲ್ಲ. ರೆಪ್ಪೆ ಮುಚ್ಚುವುದಕ್ಕೂ ಸ್ನಾಯು ಕೆಲಸ ಮಾಡಬೇಕು, ಅದಕ್ಕೇ ಸತ್ತ ನಾಯಿಯ ಕಣ್ಣು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಇನ್ನೊಂದು ಸಂಗತಿಯೂ ತಿಳಿಯಿತು. ನಾಯಿಗಳಲ್ಲಿ ಈ ಕಾಯಿಲೆ ರಕ್ತಪರೀಕ್ಷೆಯಲ್ಲಿ ಕಾಣುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸಿರುತ್ತದೆ. "ಮುಂಚೆಯೇ ತೋರಿಸಬೇಕಿತ್ತು" ಎಂಬ ಕೊರಗೂ ಅಲ್ಲಿ ಸ್ವಲ್ಪ ಇಳಿಯಿತು. ಪಾಪದ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಭೈರವನ ಮುಂದೆಯೇ ಹೋಗಿ ನಡೆದದ್ದನ್ನು ಹೇಳಿಕೊಳ್ಳಿ, ದೂರ ಇದ್ದುಕೊಂಡು ಹೆದರಬೇಡಿ ಎಂದೆ.

ಇಷ್ಟಾದರೂ ಮನೆಯಲ್ಲಿ ಅವರು ಕೆಂಚನ ಹೆಸರೆತ್ತುತ್ತಿರಲಿಲ್ಲ. ಕಾರಣ ಕೇಳಿದಾಗ ಸೊಸೆ ಅಳುಕುತ್ತ ಹೇಳಿದರು. ಎಂಟು ವರ್ಷದ ಮೊಮ್ಮಗಳಿಗೆ ನಿಜ ಹೇಳಿಲ್ಲ. ಕೆಂಚ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿದ್ದಾನೆ ಎಂದಿದ್ದಾರೆ. ಮಗು ದಿನಾ ಕೇಳುತ್ತದೆ, ತಾತ ಎದ್ದು ಹೊರಗೆ ಹೋಗುತ್ತಾರೆ.

ಪ್ರೀತಿಯಿಂದಲೇ ಹೇಳಿದ ಸುಳ್ಳು ಅದು, ನಿಜ. ಆದರೆ ಅದನ್ನು ಕಾಪಾಡಲು ಇಡೀ ಮನೆ ಬಾಯಿ ಮುಚ್ಚಿಕೊಂಡಿತ್ತು. ಅಳಬೇಕಾದವರು ತೋಟದಲ್ಲಿ ಒಬ್ಬರೇ ಅಳುತ್ತಿದ್ದರು. ಮಗುವಿಗೂ ಏನೋ ಸರಿಯಿಲ್ಲ ಎಂದು ಗೊತ್ತಾಗಿತ್ತು, ರಾತ್ರಿ ಒಬ್ಬಳೇ ಮಲಗುತ್ತಿರಲಿಲ್ಲ. ಎಂಟು ವರ್ಷಕ್ಕೆ ಸಾವು ಎಂದರೆ ವಾಪಸ್ ಬರುವುದಿಲ್ಲ ಎಂಬುದು ಸಾಮಾನ್ಯವಾಗಿ ಅರ್ಥವಾಗುತ್ತದೆ. ಅರ್ಥವಾಗದೆ ಕಾಡುವುದು ದೊಡ್ಡವರ ಮೌನ.

ಹೇಗೆ ಹೇಳುವುದು ಎಂಬುದನ್ನು ಕೂತು ಅಭ್ಯಾಸ ಮಾಡಿದೆವು. "ಕೆಂಚನ ಕಿಡ್ನಿ ಕೆಟ್ಟುಹೋಗಿತ್ತು. ಔಷಧಿಗೆ ವಾಸಿ ಆಗಲಿಲ್ಲ. ಅವನು ಸತ್ತುಹೋದ, ಇನ್ನು ಬರಲ್ಲ. ಬೆಂಗಳೂರಲ್ಲಿದ್ದಾನೆ ಅಂದಿದ್ದು ಸುಳ್ಳು ಕಂದ, ನಿನಗೆ ಬೇಜಾರಾಗುತ್ತೆ ಅಂತ ಹೆದರಿ ಹಾಗಂದ್ವಿ." ಮಲಗಿಬಿಟ್ಟ, ದೇವರು ಕರೆದುಕೊಂಡ ಎಂಬ ಮಾತು ಬೇಡ ಎಂದೆ. ಮಲಗುವುದಕ್ಕೇ ಹೆದರುವ ಮಗುವಿಗೆ ಅದರಿಂದ ಇನ್ನಷ್ಟು ಭಯ. ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ, ಕೇಳಿದರೆ ಹೇಳಿ ಎಂದೆ.

ಕೇಳಿದಳು. "ನನಗೆ ಜ್ವರ ಬಂದ್ರೆ ಆ ಇಂಜೆಕ್ಷನ್ ಕೊಡ್ತಾರಾ?" ಎಂದಳಂತೆ. ತಾತ ನಿಧಾನವಾಗಿ ಬಿಡಿಸಿ ಹೇಳಿದರು: ಅದು ಬೇರೆ ಔಷಧಿ, ಮನುಷ್ಯರಿಗೆ ಹಾಗೆ ಕೊಡುವುದೇ ಇಲ್ಲ, ನಿನಗೆ ಕೊಡುವುದು ವಾಸಿಯಾಗೋ ಇಂಜೆಕ್ಷನ್. ಸುಳ್ಳು ಹೇಳಿದ್ದಕ್ಕೆ ಮಗು ಕೋಪ ಮಾಡಿಕೊಂಡು ಮಾತು ಬಿಟ್ಟಿತು. ಬಿಡಲಿ, ಸಮಾಧಾನ ಮಾಡಲು ಮೊಬೈಲು, ಚಾಕೊಲೇಟು ಕೊಡಬೇಡಿ ಎಂದು ಫೋನಿನಲ್ಲಿ ಹೇಳಿದೆ. ಕೋಪ ಇಳಿದ ಮೇಲೆ ಅವಳೇ ತಾತನ ಜೊತೆ ತೋಟದ ಬದುವಿಗೆ ಹೋಗಿ, ಹೊಂಗೆ ಮರದ ಕೆಳಗೆ ಹೂತ ಜಾಗ ನೋಡಿ ಬಂದಳು. ಇಬ್ಬರೂ ಅಲ್ಲೇ ಜೋರಾಗಿ ಅತ್ತರಂತೆ. ಅಂದು ರಾತ್ರಿ ಯಜಮಾನರು ಹೊಟ್ಟೆ ತುಂಬ ಉಂಡರು.

ಅಲ್ಲೊಂದು ಕಲ್ಲು ನೆಡಬೇಕು ಎಂದು ಮಗುವಿನ ಹಟ. ಊರವರು ನಗುತ್ತಾರೆ ಎಂದು ತಾತನಿಗೆ ಸಂಕೋಚ. ಅವರಿಗೆ ಆತಕೂರು ಶಾಸನದ ಕಥೆ ಹೇಳಿದೆ. ಸುಮಾರು ಕ್ರಿ.ಶ. 950ರಲ್ಲಿ ಮಣಲೇರ ಎಂಬ ವೀರ ಗಂಗರ ದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡ ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಜಮಾನರು ಫೋನಿನಲ್ಲಿ ಅದರ ಫೋಟೊ ಹುಡುಕಿಸಿ, ತುಂಬ ಹೊತ್ತು ನೋಡಿದರು. ನಾಯಿಗಾಗಿ ಅತ್ತವರಲ್ಲಿ ನೀವು ಮೊದಲಿನವರಲ್ಲ ಎಂದೆ.

ಡೇರಿಯ ದಾರಿಯೇ ಅವರಿಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಒಂದೇ ಸಲ ಬೇಡ, ಮೊದಲು ಮಗನ ಜೊತೆ ಬೆಳಿಗ್ಗೆ ಮಾತ್ರ ಹೋಗಿ, ತಿರುವಿನಲ್ಲಿ ಅಳು ಬಂದರೆ ನಿಂತು ಅತ್ತು ಮುಂದೆ ಹೋಗಿ ಎಂದೆ. ಈಗ ಬೆಳಿಗ್ಗೆ ಒಬ್ಬರೇ ಹೋಗುತ್ತಾರೆ. ಸಂಜೆ ಹಾಲು ಇನ್ನೂ ಮಗನೇ ಹಾಕುತ್ತಾನೆ.

ಹೊಸ ಮರಿ ತಂದರೆ ಸರಿಹೋಗುತ್ತದೆ ಎಂದು ಮಗ ಶುರುವಿನಲ್ಲೇ ಹೇಳಿದ್ದ. ತಡೆಯಿರಿ ಎಂದಿದ್ದೆ. ಕೆಂಚನ ಜಾಗ ತುಂಬುವ ಕೆಲಸವನ್ನು ಒಂದು ಮರಿಯ ಮೇಲೆ ಹೊರಿಸುವುದು ಅದಕ್ಕೂ ಅನ್ಯಾಯ ಅಲ್ವಾ? ತಾತ, ಮೊಮ್ಮಗಳು ಇಬ್ಬರೂ ತಾವಾಗಿ ಕೇಳಲಿ ಎಂದೆ. ಕಳೆದ ಸಲ ಬಂದಾಗ ಆ ಮಾತು ಮಗುವೇ ತೆಗೆದಳು. ದೀಪಾವಳಿ ಕಳೆದ ಮೇಲೆ ತರೋಣ, ಪಟಾಕಿ ಸದ್ದಿಗೆ ಮರಿ ಹೆದರುತ್ತೆ ಎಂದಳು. ತಾತ ಆಗಲಿ ಎಂದಿದ್ದಾರೆ.