ಕೆನಡಾದಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದೋರು ಪ್ರಾಂತ್ಯದ ಪ್ರೀಮಿಯರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದುಂಟಾ?

ಉಂಟು, ಆಲ್ಬರ್ಟಾದ ವಿಲಿಯಂ ಅಬರ್‌ಹಾರ್ಟ್. ಕ್ಯಾಲ್ಗರಿಯ ಕ್ರೆಸೆಂಟ್ ಹೈಟ್ಸ್ ಹೈಸ್ಕೂಲಲ್ಲಿ 1915ರಿಂದ 1935ರವರೆಗೂ ಪ್ರಿನ್ಸಿಪಾಲ್, ಜೊತೆಗೆ 1925ರಿಂದ ರೇಡಿಯೋದಲ್ಲಿ ಭಾನುವಾರದ ಪ್ರವಚನ ಬೇರೆ, ಅದಕ್ಕೇ 'ಬೈಬಲ್ ಬಿಲ್' ಅಂತ ಹೆಸರು ಬಿತ್ತು. 30ರ ದಶಕದ ಆರ್ಥಿಕ ಕುಸಿತದಲ್ಲಿ ರೈತರ ಕೈಲಿ ಕಾಸಿಲ್ಲ, ಇವ್ರು ಮೇಜರ್ ಡಗ್ಲಸ್‌ನ ಸೋಶಿಯಲ್ ಕ್ರೆಡಿಟ್ ಥಿಯರಿ (ಜನರ ಕೈಲಿ ಕೊಳ್ಳೋಕೆ ಸಾಕಷ್ಟು ದುಡ್ಡಿಲ್ಲ, ಸರ್ಕಾರವೇ ಹಂಚ್ಬೇಕು ಅನ್ನೋ ವಾದ) ಓದಿ ಅದನ್ನೂ ಪ್ರವಚನದ ಜೊತೆ ಸೇರ್ಸಿ ಹೇಳೋಕೆ ಶುರು ಮಾಡಿದ್ರು, ವಯಸ್ಕರಿಗೆಲ್ಲ ತಿಂಗಳಿಗೆ 25 ಡಾಲರ್ ಕೊಡ್ತೀವಿ ಅಂದ್ರು, 1935ರಲ್ಲಿ 63 ಸೀಟಲ್ಲಿ 56 ಇವ್ರ ಪಾರ್ಟಿಗೇ! ತಮಾಷೆ ಅಂದ್ರೆ ಆ ಎಲೆಕ್ಷನ್‌ಗೆ ಅವರೇ ನಿಂತಿರ್ಲಿಲ್ಲ, ಆಮೇಲೆ ಬೈಎಲೆಕ್ಷನ್‌ನಲ್ಲಿ ಬಂದ್ರು.

ಆ 25 ಡಾಲರ್ ಮಾತ್ರ ಕೊಡೋಕಾಗ್ಲಿಲ್ಲ. ಬ್ಯಾಂಕಿಂಗ್ ಕೇಂದ್ರದ ಕೈಲಿರೋ ವಿಷಯ, ಇವ್ರ ಕಾನೂನುಗಳು ಬಿದ್ದುಹೋದ್ವು, ಪತ್ರಿಕೆಗಳ ಬಾಯಿ ಕಟ್ಟೋಕೆ ತಂದ ಬಿಲ್ಲನ್ನೂ 1938ರಲ್ಲಿ ಸುಪ್ರೀಂ ಕೋರ್ಟ್ ಒಪ್ಲಿಲ್ಲ. ನಂಗೆ ನಗು ಬರೋದು ರೀಕಾಲ್ ಕಾಯ್ದೆ (ಗೆದ್ದ ಶಾಸಕರನ್ನ ಮತದಾರರೇ ವಾಪಸ್ ಕರೆಸ್ಕೊಳ್ಳೋ ಕಾಯ್ದೆ) ವಿಷ್ಯದಲ್ಲಿ, ತಾವೇ ತಂದಿದ್ದು, ಸ್ವಂತ ಕ್ಷೇತ್ರದೋರು ಅದನ್ನ ಅವ್ರ ಮೇಲೇ ಹಾಕೋಕೆ ಹೊರಟಾಗ 1937ರಲ್ಲಿ ರದ್ದು ಮಾಡ್ಬಿಟ್ರು. ಶಿಕ್ಷಣ ಖಾತೆನೂ ತಾವೇ ಇಟ್ಕೊಂಡು ಚಿಕ್ಕಪುಟ್ಟ ಸ್ಕೂಲ್ ಜಿಲ್ಲೆಗಳನ್ನ ದೊಡ್ಡ ವಿಭಾಗಗಳಾಗಿ ಸೇರ್ಸಿದ್ದು ಗಟ್ಟಿ ಕೆಲ್ಸ ಅನ್ಬೋದು. 1943ರಲ್ಲಿ ಅಧಿಕಾರದಲ್ಲಿದ್ದಾಗ್ಲೇ ತೀರಿಕೊಂಡ್ರು, ಆಮೇಲೆ ಅವ್ರ ಬೈಬಲ್ ಇನ್‌ಸ್ಟಿಟ್ಯೂಟ್‌ನ ಶಿಷ್ಯ ಅರ್ನೆಸ್ಟ್ ಮ್ಯಾನಿಂಗ್ 1968ರವರೆಗೂ ಪ್ರೀಮಿಯರ್.