ಲೋಟ ಹಿಡಿದ ಕೈಗೆ ಬಿಡಲು ಬರುತ್ತಿಲ್ಲ

ಪ್ರಶ್ನೆ: ಅಪ್ಪನಿಗೆ 62 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ತಪ್ಪಿತ್ತು. ಈಗ ನಡೆಯುತ್ತಾರೆ, ಕೈ ಮಾತ್ರ ಹಿಂದೆ ಬಿದ್ದಿದೆ. ಮೆತ್ತನೆ ಚೆಂಡು ಕೊಟ್ಟು ದಿನವಿಡೀ ಹಿಸುಕಿಸುತ್ತಿದ್ದೇವೆ. ಹಿಡಿತ ಬಂದಿದೆ. ಆದರೆ ಲೋಟ ಹಿಡಿದರೆ ಬಿಡಲಾಗದೆ ಒದ್ದಾಡುತ್ತಾರೆ. ಆರು ತಿಂಗಳು ದಾಟಿದರೆ ಕೈ ಇಷ್ಟೇ ಎನ್ನುತ್ತಾರೆ. ನಿಜವೇ?

ಉತ್ತರ: ಮೊದಲು ಆ ಚೆಂಡನ್ನು ಎತ್ತಿಡಿ. ಸ್ಟ್ರೋಕ್ ಆದವರ ದಿಂಬಿನ ಪಕ್ಕ ಒಂದು ಚೆಂಡು ಇದ್ದೇ ಇರುತ್ತದೆ, ಈ ಅಭ್ಯಾಸ ಯಾರು ಶುರು ಮಾಡಿದರೋ! ಸ್ಟ್ರೋಕ್ ನಂತರ ಸಾಮಾನ್ಯವಾಗಿ ಬೆರಳು ಮಡಚುವ ಸ್ನಾಯುಗಳು ಬಿಗಿಯುತ್ತವೆ, ಬಿಡಿಸುವ ಸ್ನಾಯುಗಳು ಸೋತಿರುತ್ತವೆ. ಈ ಬಿಗಿತ ಚೆಂಡಿನಿಂದ ಬಂದದ್ದಲ್ಲ, ಮೆದುಳಿಗೆ ಆದ ಪೆಟ್ಟಿನಿಂದ ಬಂದದ್ದು. ಆದರೆ ನಿಮ್ಮ ತಂದೆಯ ಕೈಗೆ ಮುಚ್ಚುವುದು ಆಗಲೇ ಗೊತ್ತು. ಗೊತ್ತಿರುವ ಪಾಠವನ್ನೇ ದಿನವಿಡೀ ಒಪ್ಪಿಸಿದರೆ ಏನು ಬಂತು? ಕಲಿಯಬೇಕಿರುವುದು ತೆರೆಯುವುದನ್ನು.

ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮದೇ ಕೈಯನ್ನು ಸಡಿಲ ಬಿಟ್ಟು ಮಣಿಕಟ್ಟನ್ನು ಕೆಳಗೆ ಬಾಗಿಸಿ. ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ, ಅಲ್ವಾ? ಮಣಿಕಟ್ಟನ್ನು ಮೇಲೆತ್ತಿ, ಮಡಚಿಕೊಳ್ಳುತ್ತವೆ. ತಂದೆಗೂ ಇದೇ ದಾರಿ ತೋರಿಸಿ. ಖಾಲಿ ಪ್ಲಾಸ್ಟಿಕ್ ಲೋಟವನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ನಿಧಾನಕ್ಕೆ ಕೆಳಗಿಳಿಸಲಿ, ಆಮೇಲೆ ಬೆರಳು ಬಿಡಿಸಲು ಪ್ರಯತ್ನಿಸಲಿ. ಬಲ ಹಾಕಿ ಕಿತ್ತಷ್ಟೂ ಬೆರಳು ಇನ್ನೂ ಬಿಗಿಯುತ್ತದೆ. ನೀವೂ ಪಕ್ಕದಲ್ಲಿ ನಿಂತು "ಬಿಡಿ, ಬಿಡಿ" ಎಂದು ಅವಸರ ಮಾಡಬೇಡಿ.

ತೋಳಿಗೆ ಇನ್ನೊಂದು. ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಕೈಯಿಟ್ಟು, ಮೊಣಕೈ ನೆಟ್ಟಗಾಗುವ ತನಕ ಮುಂದಕ್ಕೆ ಜಾರಿಸಬೇಕು. ಸುಲಭ ಅನ್ನಿಸುತ್ತದೆ. ಆದರೆ ಗಮನಿಸಿ ನೋಡಿ: ಕೈ ಮುಂದೆ ಹೋಗುವ ಬದಲು ಮೈಯೇ ಮುಂದಕ್ಕೆ ಬಾಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಇದು ದೇಹ ಹುಡುಕಿಕೊಳ್ಳುವ ಅಡ್ಡದಾರಿ. ಬೆನ್ನು ಕುರ್ಚಿಗೆ ತಾಗಿಯೇ ಇರಲಿ. ನಾಲ್ಕೇ ಇಂಚು ಜಾರಿದರೂ ಸರಿ, ಅದು ಕೈಯಿಂದಲೇ ಆಗಲಿ.

ಇನ್ನು ಎಷ್ಟು ಸಲ ಎಂಬ ಮಾತು. ಹತ್ತು ಸಲ ಮಾಡಿ ಮುಗಿಸಿದರೆ ಸಾಲದು. ಒಂದು ಸಲದ ಥೆರಪಿಯಲ್ಲಿ ಕೈ ನಿಜವಾಗಿ ಎಷ್ಟು ಸಲ ಕೆಲಸ ಮಾಡುತ್ತದೆ ಎಂದು ಎಣಿಸಿದ 2009ರ ಒಂದು ಅಧ್ಯಯನದಲ್ಲಿ ಸಿಕ್ಕ ಸರಾಸರಿ ಬರೀ 32. ಪ್ರಾಣಿಗಳ ಪ್ರಯೋಗಗಳಲ್ಲಿ ಮೆದುಳು ಹೊಸ ದಾರಿ ಕಟ್ಟಿಕೊಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಹಾಗಂತ ಒಂದೇ ಸಲಕ್ಕೆ ಮಾಡಿಸಿ ಸುಸ್ತು ಮಾಡಬೇಡಿ. ಹೊತ್ತಿಗಿಷ್ಟು ಎಂದು ಹಂಚಿ. ಮನೆಗೆಲಸದಲ್ಲೇ ಸೇರಿಸಿದರೆ ಇನ್ನೂ ಒಳ್ಳೆಯದು: ಸ್ವಿಚ್ ಒತ್ತುವುದು, ಬಾಗಿಲು ತಳ್ಳುವುದು, ಮೇಜು ಒರೆಸುವುದು. ಎಡಗೈಯಲ್ಲಿ ಬೇಗ ಆಗುತ್ತದೆ ಎಂದು ಎಲ್ಲವನ್ನೂ ಅದಕ್ಕೇ ಬಿಟ್ಟರೆ, ಬಲಗೈ ಇರುವ ಶಕ್ತಿಯನ್ನೂ ಮರೆಯುತ್ತದೆ.

ಆರು ತಿಂಗಳ ಗಡುವನ್ನು ನಂಬಬೇಡಿ. ಮೊದಲ ಮೂರು ತಿಂಗಳು ಸುಧಾರಣೆ ಜೋರು, ಆಮೇಲೆ ನಿಧಾನ. ನಿಧಾನ ಎಂದರೆ ನಿಂತುಹೋಯಿತು ಎಂದಲ್ಲ. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರ ಮೇಲಿನ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಬಂತು. ಚೆನ್ನಾಗಿರುವ ಕೈಗೆ ಎಚ್ಚರವಿರುವ ಹೊತ್ತಿನ ಬಹುಪಾಲು ಗವಸು ಹಾಕಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಮಾಮೂಲಿ ಆರೈಕೆ ಪಡೆದವರಿಗಿಂತ ಅವರ ಕೈ ಚೆನ್ನಾಗಿ ಸುಧಾರಿಸಿತು. ಇದಕ್ಕೆ ಮಣಿಕಟ್ಟು, ಬೆರಳುಗಳು ಸ್ವಲ್ಪವಾದರೂ ಮೇಲೇಳಬೇಕು. ಥೆರಪಿಸ್ಟ್ ನೋಡದೆ ಮನೆಯಲ್ಲಿ ನೀವೇ ಗವಸು ಹಾಕಿಬಿಡಬೇಡಿ, ಬೀಳುವಾಗ ಆಸರೆಗೆ ಸಿಗುವುದು ಆ ಕೈಯೇ. ಬಿಗಿತ ಜಾಸ್ತಿಯಾಗಿ ಅಂಗೈ ತೊಳೆಯಲೂ ಕಷ್ಟವಾದರೆ ವೈದ್ಯರನ್ನು ಬೊಟುಲಿನಮ್ ಇಂಜೆಕ್ಷನ್ ಬಗ್ಗೆ ಕೇಳಿ. ಅದು ಕೆಲವು ತಿಂಗಳು ಬಿಗಿತ ಇಳಿಸುತ್ತದೆ. ಆ ಅವಧಿಯಲ್ಲಿ ಅಭ್ಯಾಸ ಮಾಡಿಸಿದರೇ ಲಾಭ.

ಪ್ರಶ್ನೆ: ತಾಯಿಯ ಎಡಗೈ ಒಂದಿಷ್ಟೂ ಅಲುಗುವುದಿಲ್ಲ. ರಾಟೆಗೆ ಹಗ್ಗ ಕಟ್ಟಿ ಕೈ ಮೇಲೆತ್ತಿಸುತ್ತೇವೆ. ಈಗ ಭುಜ ನೋವು ಶುರುವಾಗಿದೆ.

ಉತ್ತರ: ರಾಟೆಯನ್ನು ಇವತ್ತೇ ಬಿಚ್ಚಿಡಿ. ಭುಜದ ಕೀಲನ್ನು ಹಿಡಿದಿಡುವುದು ಸ್ನಾಯುಗಳು. ಅವು ಸಡಿಲಾದಾಗ ತೋಳಿನ ಮೂಳೆ ಕೆಳಗೆ ಜಾರಿರುತ್ತದೆ. ಹಾಗೇ ಮೇಲಕ್ಕೆ ಎಳೆದರೆ ಒಳಗೆ ಸಿಕ್ಕಿಕೊಂಡು ಗಾಯವಾಗುತ್ತದೆ. ಏಳಿಸುವಾಗಲೂ ಆ ಕೈ ಹಿಡಿದು ಎಳೆಯಬೇಡಿ. ಕೂತಾಗ ತೋಳಿನ ಕೆಳಗೆ ದಿಂಬು ಇರಲಿ. ನೋವಿಗೆ ವೈದ್ಯರನ್ನು ಕಾಣಿ, ಕೈ ಊದಿಕೊಂಡರಂತೂ ಕಾಯಬೇಡಿ.

ಅಲುಗದ ಕೈಗೆ ಕನ್ನಡಿ ಅಭ್ಯಾಸ ಮಾಡಿಸಬಹುದು. ಎರಡೂ ಕೈಗಳ ನಡುವೆ, ಹೊಳೆಯುವ ಮುಖ ಬಲಗೈ ಕಡೆ ಬರುವಂತೆ ಕನ್ನಡಿ ನಿಲ್ಲಿಸಿ, ಎಡಗೈಯನ್ನು ಅದರ ಹಿಂದೆ ಇಡಿ. ಬಲಗೈ ಆಡಿಸುತ್ತಾ ಪ್ರತಿಬಿಂಬ ನೋಡಿದರೆ ಎಡಗೈಯೇ ಆಡಿದಂತೆ ಕಾಣುತ್ತದೆ. ಮೊದಲ ಸಲ ನಗು ಬರುತ್ತದೆ, ಬರಲಿ. ದಿನಕ್ಕೆ ಅರ್ಧ ಗಂಟೆ, ಕೆಲವು ವಾರ ಬಿಡದೆ ಮಾಡಿಸಿ.