ಇಲಿ ನುಂಗಿದ ಹಾವಿನಂಥ ಬಾರು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬೆಳಗಾವಿ ಜಿಲ್ಲೆಯ ಅಥಣಿ ಕಡೆಯವರು ಅನ್ನುವುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದನ್ನೂ ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ. ಬರೆಯಲು ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಇದೆ. ಕುಡಿತದ ತೊಂದರೆಗೆ ನನ್ನ ಬಳಿ ಬಂದ ಗಂಡನನ್ನು ಇಲ್ಲಿ ಅಣ್ಣಾರು ಎಂದೇ ಕರೆಯುತ್ತೇನೆ, ಎದುರಿಗೂ ಹಾಗೇ ಕರೆಯುತ್ತಿದ್ದೆ. ಅವರಿಗೆ ನಾನು ಅಕ್ಕಾರು.

ಅಣ್ಣಾರಿಗೆ ಆಗ 36. ಹತ್ತು ವರ್ಷ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸ, ಜಾಸ್ತಿ ರಾತ್ರಿ ಪಾಳಿ. ಕುಡಿತ ಶುರುವಾಗಿದ್ದು ಅಲ್ಲಿ. ಕೆಲಸ ಹೋಯಿತು, ಊರಿಗೆ ಬಂದರು, ಕುಡಿತವೂ ಬೆನ್ನಿಗೇ ಬಂತು. ಬೆಳಿಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗದಿದ್ದರೆ ಚಹಾದ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಹೆಂಡತಿ ಕರೆದುಕೊಂಡು ಬಂದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. ನಡುಕ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಅರ್ಧ ಸರಿ, ಅರ್ಧ ತಪ್ಪು.

“ನಾಳಿಂದ ಬಿಡ್ತೀನ್ರಿ ಅಕ್ಕಾರ, ದೇವರಾಣಿ” ಅಂದರು. ಹಾಗೆ ಮಾಡಬೇಡಿ ಅಂದೆ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಕುತ್ತು ಬರಬಹುದು. ಆಣೆ ಪ್ರಮಾಣಕ್ಕಿಂತ ಮೊದಲು ವೈದ್ಯರು. ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದರು. ಅದು ಸುಲಭದ ಭಾಗ.

ಕಷ್ಟದ್ದು ಸಂಜೆ 6ರಿಂದ 9. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಗೆಳೆಯರೆಲ್ಲ ಅಂಗಡಿ ಮುಂದೆ. ಕುಡಿಯಬೇಕೆನ್ನುವ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸಿದರೆ ಸಾಕು ಅಂತ ಹೇಳಿಕೊಟ್ಟೆ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ, ಐದೂವರೆಗೇ ಒಂದು ರೊಟ್ಟಿ ತಿನ್ನಿ ಅಂದೆ. ಒಂದು ನೋಟ್‌ಬುಕ್ ಕೊಟ್ಟು, ಆ ಮೂರು ತಾಸು ಏನು ಮಾಡಿದಿರಿ ಸುಮ್ನೆ ಬರೆಯಿರಿ ಅಂದೆ.

ಮುಂದಿನ ವಾರದ ಹಾಳೆಯಲ್ಲಿ ಮೂರು ದಿನ ಒಂದೇ ಸಾಲು: “7 ಗಂಟಿಗೆ ಬಾರು ಕೊಯ್ದೆ.” ಬಾರು ಅಂದರೆ ಚಪ್ಪಲಿ ಹೆಣೆಯುವ ತೊಗಲಿನ ಸಣ್ಣ ಎಳೆ.

ಅಣ್ಣಾರದು ಸಮಗಾರರ ಮನೆ. ಅಪ್ಪ, ಅಜ್ಜ ಚಪ್ಪಲಿ ಮಾಡಿಯೇ ಬದುಕಿದವರು. ಜಗತ್ತು ಅದನ್ನು ಕೊಲ್ಹಾಪುರಿ ಅನ್ನುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಹೆಸರು ಮಾತ್ರ ಅವರದು. ಇವರ ಮನೆಯಲ್ಲಿ ಅಪ್ಪ ಅಟ್ಟೆ, ಅಂದರೆ ಚಪ್ಪಲಿಯ ತಳ, ಕತ್ತರಿಸಿ ಕುಟ್ಟುತ್ತಿದ್ದರು, ಮೇಲಿನ ಪಟ್ಟಿಯ ಹೆಣಿಗೆ ಅಣ್ಣಾರ ಹೆಂಡತಿಯದು. ಅಣ್ಣಾರು ಕುಡಿದು ಬಿದ್ದಿದ್ದ ವರ್ಷಗಳಲ್ಲೂ ಮನೆ ನಡೆದದ್ದು ಆ ಹೆಣಿಗೆಯ ಕೂಲಿಯಿಂದ, ಆಮೇಲೆ ಗೃಹಲಕ್ಷ್ಮಿಯ 2,000 ರೂಪಾಯಿಯಿಂದ. ಆ ವಾರ ಹೆಂಡತಿಯ ಹೆಬ್ಬೆರಳು ಕೊಯ್ದುಕೊಂಡಿತ್ತು, ಆರ್ಡರ್ ಕೊಡುವ ದಿನ ಹತ್ತಿರ ಬಂದಿತ್ತು. ಅದಕ್ಕೆ ಇವರು ತೊಗಲು ಕೊಯ್ಯುವ ರಂಪಿಗೆ ಹಿಡಿದಿದ್ದರು. ಅಷ್ಟೇ.

ಇಲ್ಲಿ ನಾನು ತಪ್ಪು ಮಾಡಿದೆ. ಖುಷಿಯಲ್ಲಿ, “ಎಂಥ ಕಲೆ ನಿಮ್ಮದು, ಹರಳಯ್ಯನ ಕಾಯಕ ಅಲ್ವಾ, ಇದನ್ನೇ ಮುಂದುವರಿಸಿ” ಅಂದುಬಿಟ್ಟೆ.

ಅವರು ತಲೆ ಎತ್ತಿದರು. “ಹರಳಯ್ಯಗ ಕಡೀಕ ಏನ್ ಮಾಡಿದ್ರು ಅನ್ನೂದೂ ಹೇಳ್ರಲ್ಲ ಅಕ್ಕಾರ. ನಿಮ್ಮ ಮಗಗ ಹೇಳ್ತೀರೇನು, ಚಪ್ಪಲಿ ಹೊಲಿ ಅಂತ?”

ಆಮೇಲೆ ಎರಡು ವಾರ ಬರಲಿಲ್ಲ.

ಅವರು ಹೇಳಿದ್ದು ಸರಿ. ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನಿಗೆ ಕಡೆಗೆ ಸಿಕ್ಕಿದ್ದು ಮರಣದಂಡನೆ. ಹುಟ್ಟಿನ ಜೊತೆ ಅಂಟಿಸಿದ ಕಸುಬಿಗೆ ವಾಪಸು ಹೋಗು ಅಂತ ಹೊರಗಿನವರು ಹೇಳುವುದು ಸಲಹೆಯಲ್ಲ, ಅದು ಹಳೆಯ ಆಜ್ಞೆಯೇ. ಕಲೆ ಅಂತ ಹೊಗಳಿದರೆ ಅದರ ವಾಸನೆ ಹೋಗುತ್ತದೆ ಅಂದುಕೊಂಡಿದ್ದೆ. ವಾಸನೆ ಅನ್ನುವ ಮಾತು ಸುಮ್ಮನೆ ಬಂದದ್ದಲ್ಲ. ಶಾಲೆಯಲ್ಲಿ ಅಣ್ಣಾರ ಪಕ್ಕ ಕುಳಿತ ಹುಡುಗ “ನಿನ್ನ ಕೈ ತೊಗಲ ವಾಸನಿ ಬರ್ತೈತಿ” ಅಂದು ಎದ್ದು ಹೋಗಿದ್ದನಂತೆ. ಅಂದಿನಿಂದ ಕೈ ಬಚ್ಚಿಟ್ಟು ಕೂರುವ ಅಭ್ಯಾಸ. ತೊಡೆಯ ಕೆಳಗಿನ ಕೈಗಳ ಉಳಿದರ್ಧ ಅರ್ಥವಾದದ್ದು ನನಗೆ ಆಗ. ಫೋನ್ ಮಾಡಿ ಕ್ಷಮೆ ಕೇಳಿದೆ. ಕಸುಬು ಮಾಡಿ ಅಂತಲೂ ಬಿಡಿ ಅಂತಲೂ ನಾನು ಹೇಳುವುದಿಲ್ಲ ಅಂದೆ.

ಮೂರನೇ ವಾರ ಬಂದರು. ಜೇಬಿನಿಂದ ಒಂದು ಬಾರು ತೆಗೆದು ಮೇಜಿನ ಮೇಲೆ ಇಟ್ಟರು. ಗೇಣುದ್ದದ್ದು. ಒಂದು ಕಡೆ ದಾರದಷ್ಟು ಸಣ್ಣ, ನಡುವೆ ಉಬ್ಬು, ಮತ್ತೆ ಸಣ್ಣ. “ನಮ್ಮಪ್ಪ ಇದನ್ನ ನೋಡಿ, ಇಲಿ ನುಂಗಿದ ಹಾವು ಆಗೇತಲ್ಲೋ ಅಂದ” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪ್ರತಿ ವಾರ ಒಂದೊಂದು ತನ್ನಿ ಅಂದೆ. ಆರು ವಾರದ ಆರು ಬಾರುಗಳು ಇಂದಿಗೂ ನನ್ನ ಡ್ರಾದಲ್ಲಿವೆ. ಮೂರನೆಯದರಲ್ಲಿ ಉಬ್ಬು ಒಂದೇ ಕಡೆ. ಐದನೆಯದು ಹಿಂದೆ ಹೋಗಿದೆ, ಆ ವಾರ ನಿದ್ದೆ ಇರಲಿಲ್ಲ. ಆರನೆಯದು ಈ ತುದಿಯಿಂದ ಆ ತುದಿಗೆ ಒಂದೇ ಅಗಲ. ನಮ್ಮ ಪ್ರಶ್ನಾವಳಿಗಳಲ್ಲಿ ಜನ ನಮಗೆ ಇಷ್ಟವಾಗುವ ಉತ್ತರ ಬರೆಯುತ್ತಾರೆ. ರಂಪಿಗೆ ಹಾಗೆ ಬರೆಯುವುದಿಲ್ಲ.

ಚಪ್ಪಲಿ ಕುಡಿತ ಬಿಡಿಸಿತು ಅಂತ ಯಾರೂ ಓದಿಕೊಳ್ಳಬೇಡಿ. ಔಷಧಿ ನಡೆದೇ ಇತ್ತು. ಐದನೇ ತಿಂಗಳು ಒಂದು ಮದುವೆಗೆ ಹೋಗಿ ನಾಲ್ಕು ದಿನ ಜಾರಿದರು. ಎಲ್ಲ ಹೋಯ್ತು ಅಂತ ಹೆಂಡತಿ ಅತ್ತರು. ಐದು ತಿಂಗಳು ಹೋಗಿಲ್ಲ, ನಾಲ್ಕು ದಿನ ಹೋಗಿದೆ ಅಂತ ಮೂವರೂ ಕೂತು ಲೆಕ್ಕ ಹಾಕಿ, ಮತ್ತೆ ವೈದ್ಯರ ಹತ್ತಿರ ಕಳಿಸಿದೆ.

ಕೆಲಸವೇ ತರುವ ಅಪಾಯಗಳೂ ಇದ್ದವು. ವ್ಯಾಪಾರಿ ದುಡ್ಡನ್ನು ಒಟ್ಟಿಗೆ, ಅದೂ ಸಂಜೆ ಕೊಡುತ್ತಿದ್ದ. ಬೆಳಿಗ್ಗೆ ಹೋಗಿ, ಜೊತೆಗೆ ಮಗಳನ್ನು ಕರೆದುಕೊಂಡು ಹೋಗಿ, ಆದಷ್ಟು ಹಣ ಹೆಂಡತಿಯ ಖಾತೆಗೆ ಹಾಕಿಸಿ ಅಂದೆ. ಅಟ್ಟೆ ಅಂಟಿಸಲು ಈಗ ಸೊಲ್ಯೂಷನ್ ಬಳಸುತ್ತಾರೆ. ಮುಚ್ಚಿದ ಕೋಣೆಯಲ್ಲಿ ಅದರ ವಾಸನೆಗೇ ನಶೆ ಏರುತ್ತದೆ, ಚಟದಿಂದ ಹೊರಬರುತ್ತಿರುವವರಿಗಂತೂ ಬೇಡವೇ ಬೇಡ. ಡಬ್ಬಿಯನ್ನು ಕಟ್ಟೆಯ ಮೇಲೆ ಗಾಳಿಯಲ್ಲಿ ಬಳಸಿ, ಅಂಟಿಸುವಾಗ ಅಪ್ಪ ಪಕ್ಕದಲ್ಲಿರಲಿ ಅಂದೆ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಇದೆ. ತರಬೇತಿ ಮತ್ತು ಉಪಕರಣಕ್ಕೆ ಅರ್ಜಿ ಹಾಕಿ, ಸಾಲ ಮಾತ್ರ ಒಂದು ವರ್ಷ ಬೇಡ ಅಂದೆ. ಅವರಿಗೆ ಅದು ಹಿಡಿಸಲಿಲ್ಲ. ಆದರೂ ಕೇಳಿದರು.

ಹೆಂಡತಿಯನ್ನು ಒಂಟಿಯಾಗಿ ಮೂರು ಸಲ ಕೂರಿಸಿಕೊಂಡು ಮಾತಾಡಿದೆ. ಬಾಟ್ಲಿ ಹುಡುಕುವುದು, ಅಂಗಡಿ ಸಾಲ ತೀರಿಸುವುದು, ಗಂಡನ ಪರವಾಗಿ ಸುಳ್ಳು ಹೇಳುವುದು ನಿಮ್ಮ ಕೆಲಸವಲ್ಲ ಅಂದೆ. ಸಂಘದ ಉಳಿತಾಯ ನಿಮ್ಮ ಹೆಸರಲ್ಲೇ ಇರಲಿ, ಅವರು ಸರಿಯಾದ ಮೇಲೂ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರು ದಾರಿಗಿ ಬಂದ್ರು ಅಂತ ಊರೆಲ್ಲಾ ಹೇಳ್ತೈತ್ರಿ. ನಾ ದಾರಿ ಬಿಟ್ಟು ಎಲ್ಲಿ ಹೋಗಿದ್ದಿಲ್ಲ, ಅದನ್ನ ಯಾರೂ ಹೇಳಲಿಲ್ಲ” ಅಂದರು. ನಾನೂ ಹೇಳಿರಲಿಲ್ಲ.

ಈಗ ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರು ಒಪ್ಪದಿದ್ದರೂ ಮನೆಯವರು ಮಾಡಬಹುದು.

ಕೊನೆಗೆ ಉಳಿದದ್ದು ಬೆಲೆಯ ವಿಷಯ. ಎಷ್ಟು ಅಂತ ಯಾರಾದರೂ ಕೇಳಿದರೆ ಅಣ್ಣಾರು ನೆಲ ನೋಡಿಕೊಂಡು “ನೀವ ಹೇಳ್ರಿ” ಅನ್ನುತ್ತಿದ್ದರು. ಅಪ್ಪನೂ ಜೀವನವಿಡೀ ಹಾಗೇ ಅಂದವರು. ನಾನು ಗಿರಾಕಿಯಾಗಿ ನಟಿಸಿ ನಾಲ್ಕು ಭೇಟಿಗಳಲ್ಲಿ ಅಭ್ಯಾಸ ಮಾಡಿಸಿದೆ. ತೊಗಲು ಇಷ್ಟು, ಹೆಣಿಗೆ ಇಷ್ಟು, ಅಪ್ಪನ ಕೂಲಿ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಕೂಡಿಸಿ, ಬಂದ ಮೊತ್ತವನ್ನು ನನ್ನ ಮುಖ ನೋಡಿ ಹೇಳಬೇಕು. ಮೂರು ಸಲ ಮೊತ್ತ ಬಾಯಿಂದ ಹೊರಗೇ ಬರಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ, ಕಡೆಯ ಭೇಟಿಯಲ್ಲಿ, ಚೀಲದಿಂದ ಒಂದು ಜೋಡಿ ತೆಗೆದರು. ಅದಕ್ಕೂ ಮುಂಚಿನ ಸಲವೇ ಹಾಳೆಯ ಮೇಲೆ ನನ್ನ ಪಾದ ಇಡಿಸಿ ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡಿದ್ದರು. ಪಟ್ಟಿಯ ಹೆಣಿಗೆಯಲ್ಲಿ ಒಂದು ಎಳೆಯೂ ಉಬ್ಬಿರಲಿಲ್ಲ. “ಹೆಣಿಗೆ ಆಕೀದು, ಬಾರು ನಂದು. ಮೊದಲ ವಾರ ಕಚ್ಚತಾವ, ಎಣ್ಣಿ ಹಚ್ರಿ” ಅಂದರು. ನಾವು ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ಎಷ್ಟು ಅಂತ ಕೇಳಿದೆ.

“ಸಾವಿರದ ಇನ್ನೂರು.”

“ಸಾವಿರ ಮಾಡ್ಕೊಳ್ರಿ ಅಣ್ಣಾರ.”

“ಆಗೂದಿಲ್ರಿ ಅಕ್ಕಾರ” ಅಂದು ನನ್ನ ಮುಖ ನೋಡಿಯೇ ಚಪ್ಪಲಿಯನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದರು. ಇನ್ನೊಂದು ಇನ್ನೂರರ ನೋಟಿಗಾಗಿ ನಾನು ಪರ್ಸ್ ತಡಕಿದೆ.